ಪ್ರಾಂಶುಪಾಲರಿಗೂ ಒಂದು ಎಲ್‌ಎಲ್‌ಆರ್ ಬೇಕು

ಬರುವ ಮೇ 31ಕ್ಕೆ ನಮ್ಮ ಪ್ರಾಂಶುಪಾಲರು ನಿವೃತ್ತರಾಗುತ್ತಾರೆ. ಈ ಸುದ್ದಿ ಕಾಲೇಜಿನಲ್ಲಿ ಹರಡಿ ಎರಡು ವಾರವಾಯಿತು. ಅಂದಿನಿಂದ ಕ್ಯಾಂಟೀನ್, ಲೈಬ್ರರಿ ಮೆಟ್ಟಿಲು, ಬಸ್ ಸ್ಟಾಪ್ ಎಲ್ಲ ಕಡೆಯೂ ಒಂದೇ ಲೆಕ್ಕಾಚಾರ: ಮುಂದೆ ಯಾರು? ಫಿಸಿಕ್ಸ್ ಸರ್ ಸೀನಿಯರೋ, ಇಕನಾಮಿಕ್ಸ್ ಮೇಡಂ ಸೀನಿಯರೋ? ಯಾರು ಯಾವ ವರ್ಷ ಸೇರಿದರು, ಯಾರಿಗೆ ಇನ್ನೆಷ್ಟು ಸರ್ವಿಸ್ ಇದೆ, ಆಡಳಿತ ಮಂಡಳಿಯಲ್ಲಿ ಯಾರ ಮಾತು ನಡೆಯುತ್ತದೆ, ಇವೆಲ್ಲ ನಮ್ಮ ಹುಡುಗರಿಗೆ ಬಾಯಿಪಾಠ. (ಅಕೌಂಟೆನ್ಸಿ ಲೆಕ್ಕದಲ್ಲೂ ಇಷ್ಟೇ ಆಸಕ್ತಿ ಇದ್ದಿದ್ದರೆ ನಮ್ಮ ಮೇಡಂ ಸಂತೋಷಪಡುತ್ತಿದ್ದರು.) ಆದರೆ ಇಷ್ಟೆಲ್ಲ ಮಾತಿನ ನಡುವೆ ಒಂದು ಪ್ರಶ್ನೆ ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಇವರಲ್ಲಿ ಪ್ರಾಂಶುಪಾಲರ ಕೆಲಸವನ್ನು ಕಲಿತವರು ಯಾರು?

"ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಕಾಲೇಜು ನಡೆಸಲು ಬರುವುದಿಲ್ಲವಾ? ಅದರಲ್ಲಿ ಕಲಿಯುವುದು ಏನುಂಟು ಮಾರಾಯ್ತಿ?" ಎಂದು ನನ್ನ ಬೆಂಚಿನ ಗೆಳತಿ ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೆದಿದ್ದೇನೆ.

ನನ್ನ ಅಣ್ಣ ಕಳೆದ ವರ್ಷ ಸ್ಕೂಟರ್ ಲೈಸೆನ್ಸ್ ಮಾಡಿಸಿದ. ಮೊದಲು ಎಲ್‌ಎಲ್‌ಆರ್ ಆಗಬೇಕು. ಅದು ಸಿಕ್ಕಿ ಮೂವತ್ತು ದಿನ ಕಳೆಯದೆ ಟೆಸ್ಟಿಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಗಾಡಿಗೆ ಕೆಂಪು 'ಎಲ್' ಅಂಟಿಸಿಕೊಂಡೇ ಓಡಿಸಬೇಕು. ನಮ್ಮ ಅಜ್ಜಿ ಹಜ್‌ಗೆ ಹೊರಟಾಗ ಮೊದಲು ತರಬೇತಿ ಶಿಬಿರಕ್ಕೆ ಹೋಗಿ ಬಂದರು. ಇಹ್ರಾಮ್ ಎಲ್ಲಿ, ಸಯೀ ಹೇಗೆ, ಕಳೆದುಹೋದರೆ ಯಾರನ್ನು ಕೇಳಬೇಕು ಎಂದು ಎಲ್ಲವನ್ನೂ ಹೇಳಿಕೊಟ್ಟಿದ್ದರು. ಮಸೀದಿಯ ಖತೀಬರಾಗುವವರು ದರ್ಸ್‌ನಲ್ಲಿ ವರ್ಷಗಟ್ಟಲೆ ಓದಿರುತ್ತಾರೆ. ಪಿಯು ಕಾಲೇಜಿನಲ್ಲಿ ಪಾಠ ಮಾಡುವವರಿಗೂ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಜೊತೆಗೆ ಬಿ.ಎಡ್. ಕೇಳುತ್ತಾರೆ. ಬಿ.ಎಡ್. ಓದುವವರು ನಿಜವಾದ ಶಾಲೆಗೆ ಹೋಗಿ, ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಮಾಡುತ್ತಾರೆ. ಹಿಂದಿನ ಬೆಂಚಿನಲ್ಲಿ ಅವರ ಗುರುಗಳು ಕುಳಿತು ನೋಡುತ್ತಾರೆ. ಆದರೆ ಇಡೀ ಕಾಲೇಜನ್ನು ಒಬ್ಬರ ಕೈಗೆ ಕೊಡುವಾಗ? ಸರ್ಕಾರಿ ಕಾಲೇಜುಗಳಲ್ಲಿ ಉಪನ್ಯಾಸಕರು ಬಡ್ತಿ ಹೊಂದಿ ಪ್ರಾಂಶುಪಾಲರಾಗುತ್ತಾರೆ. ಹುದ್ದೆ ಖಾಲಿ ಇದ್ದರೆ ಇದ್ದವರಲ್ಲಿ ಹಿರಿಯರು 'ಪ್ರಭಾರ'. ನಮ್ಮಂಥ ಖಾಸಗಿ ಕಾಲೇಜುಗಳಲ್ಲಿ ಆಡಳಿತ ಮಂಡಳಿ ಸಭೆ ಸೇರಿ ಒಂದು ಹೆಸರು ಹೇಳುತ್ತದೆ. ಮರುದಿನ ಬಾಗಿಲ ಮೇಲಿನ ಬೋರ್ಡ್ ಬದಲಾಗುತ್ತದೆ. ಕುರ್ಚಿಯಲ್ಲಿ ಕುಳಿತವರು ನಿನ್ನೆ ಸಂಜೆಯವರೆಗೆ ಕೆಮಿಸ್ಟ್ರಿ ಲ್ಯಾಬಿನಲ್ಲಿದ್ದವರೇ.

ಪ್ರಾಂಶುಪಾಲರನ್ನೇ ಕೇಳಿಬಿಡೋಣ ಎಂದು ಕಳೆದ ವಾರ ಊಟದ ಬಿಡುವಿನಲ್ಲಿ ಅವರ ಕೋಣೆಗೆ ಹೋದೆ. "ಸರ್, ನೀವು ಈ ಕೆಲಸ ಹೇಗೆ ಕಲಿತಿರಿ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. "ಆರ್ಡರ್ ಬಂದದ್ದು ಶುಕ್ರವಾರ ಜುಮಾ ಆದ ಮೇಲೆ. ಚಾರ್ಜ್ ತಗೊಂಡದ್ದು ಶನಿವಾರ ಬೆಳಿಗ್ಗೆ. ಹಿಂದಿನವರು ಬೀರುವಿನ ಕೀ ಗೊಂಚಲು, ಕ್ಯಾಶ್ ಬುಕ್, ರೌಂಡ್ ಸೀಲು ಕೊಟ್ಟರು. ಕೈ ಕುಲುಕಿ ಹೋದರು. ಅಷ್ಟೇ ಮ್ಮ ನನ್ನ ಟ್ರೈನಿಂಗ್." ಮೊದಲ ವರ್ಷವಿಡೀ ಹಳೇ ಫೈಲುಗಳನ್ನು ಓದಿ, ಇಂಥ ಪತ್ರಕ್ಕೆ ಹಿಂದಿನವರು ಏನು ಉತ್ತರ ಬರೆದಿದ್ದರು ಎಂದು ಹುಡುಕಿ, ಹಾಗೆಯೇ ಬರೆಯುತ್ತಿದ್ದರಂತೆ. ಇಲಾಖೆ ಕರೆದ ಸಭೆಗಳಿಗೆ ಹೋಗಿದ್ದಾರೆ. ಅಲ್ಲಿ ದಾಖಲಾತಿ, ಪರೀಕ್ಷೆ, ಫಲಿತಾಂಶ ಇವೇ ಮಾತು. ಒಬ್ಬ ಉಪನ್ಯಾಸಕರ ಪಾಠ ಮಕ್ಕಳಿಗೆ ಅರ್ಥವಾಗುತ್ತಿಲ್ಲ ಎಂದಾದರೆ ಅವರ ಮನಸ್ಸು ನೋಯಿಸದೆ ಅದನ್ನು ಹೇಳುವುದು ಹೇಗೆ ಎಂದು ಯಾರಾದರೂ ಹೇಳಿಕೊಟ್ಟಿದ್ದಾರಾ ಎಂದು ಕೇಳಿದೆ. "ಇಲ್ಲ. ಅದಕ್ಕೇ ಬಹಳ ವರ್ಷ ಯಾರಿಗೂ ಹೇಳಲಿಲ್ಲ" ಎಂದರು.

ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಆ "ಬಹಳ ವರ್ಷ"ಗಳಲ್ಲಿ ಆ ತರಗತಿಗಳಲ್ಲಿ ಕುಳಿತವರು ನಮ್ಮ ಅಕ್ಕಂದಿರು, ಅಣ್ಣಂದಿರು ತಾನೇ.

ಪ್ರಾಂಶುಪಾಲರ ಮೇಜಿನ ಮೇಲೆ ಏನೆಲ್ಲ ಬೀಳುತ್ತದೆ ಎಂದು ಆ ಅರ್ಧ ಗಂಟೆಯಲ್ಲಿ ಕಣ್ಣಾರೆ ನೋಡಿದೆ. ಟಿ.ಸಿ. ಕೇಳಿಕೊಂಡು ಬಂದ ತಂದೆ. ಪರೀಕ್ಷಾ ಮಂಡಳಿಯ ಪೋರ್ಟಲ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ತಿದ್ದಲು ಕ್ಲರ್ಕ್ ತಂದ ಪಟ್ಟಿ. ಬಸ್ ಡ್ರೈವರನ ರಜೆ ಅರ್ಜಿ. ಸ್ಕಾಲರ್‌ಶಿಪ್ ಕಡತವಂತೂ ದಪ್ಪದ್ದು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನಾವು ಹಾಕಿದ ಅರ್ಜಿಯನ್ನು ಕಾಲೇಜಿನ ಮಟ್ಟದಲ್ಲಿ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆ ಹಣವನ್ನು ಲೆಕ್ಕ ಹಾಕಿಕೊಂಡೇ ಫೀಸ್ ಕಂತು ಕಟ್ಟುತ್ತಾರೆ ಎಂಬುದು ಓದುಗರಾದ ನಿಮಗೆ ಗೊತ್ತು. ಇದರ ಮೇಲೆ ಈಗ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೂ 20 ಅಂಕದ ಆಂತರಿಕ ಮೌಲ್ಯಮಾಪನ. ಆ ಇಪ್ಪತ್ತು ಅಂಕ ಮುಖ ನೋಡಿ ಹಾಕಿದ್ದೋ, ಕೆಲಸ ನೋಡಿ ಹಾಕಿದ್ದೋ ಎಂದು ನೋಡಬೇಕಾದವರೂ ಅವರೇ. ಇನ್ನೂ ಗಂಭೀರವಾದದ್ದು 2012ರ ಪೋಕ್ಸೊ ಕಾಯ್ದೆ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರೇ ತಪ್ಪು ಮಾಡಿದ್ದಾಗ ಸಂಸ್ಥೆಯ ಮುಖ್ಯಸ್ಥರು ಸುಮ್ಮನಿದ್ದರೆ ಅದೂ ಶಿಕ್ಷಾರ್ಹ. "ಸಂಸ್ಥೆಯ ಹೆಸರು ಹಾಳಾಗುತ್ತದೆ, ಒಳಗೇ ಮುಗಿಸೋಣ" ಎಂದು ಹಿರಿಯರು ಸಲಹೆ ಕೊಡಲು ಬಂದಾಗ ಕಾಯ್ದೆ ಗೊತ್ತಿರುವ ಪ್ರಾಂಶುಪಾಲರಿಗೂ ಗೊತ್ತಿಲ್ಲದವರಿಗೂ ಇರುವ ವ್ಯತ್ಯಾಸ ಒಬ್ಬ ವಿದ್ಯಾರ್ಥಿನಿಯ ಇಡೀ ಜೀವನದ್ದು.

ಒಳ್ಳೆಯದಾದ ಒಂದು ಸಂಗತಿಯನ್ನೂ ಹೇಳುತ್ತೇನೆ. ಕಳೆದ ವರ್ಷ ನಮ್ಮ ತರಗತಿಯ ಒಬ್ಬಳು ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬರಲಿಲ್ಲ. ಹತ್ತು ದಿನವಾಯಿತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನೋಟಿಸ್ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಹೆಚ್ಚಿನ ಕಡೆ ಆಗುವುದು ಅದೇ. ನಮ್ಮ ಸರ್ ಕನ್ನಡ ಮೇಡಂ ಅವರನ್ನು ಜೊತೆಗೆ ಕರೆದುಕೊಂಡು ಅವಳ ಮನೆಗೆ ಹೋದರು. ಮದುವೆ ಮಾತುಕತೆ ಇರಬಹುದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ವಿಷಯ ಬೇರೆಯೇ ಇತ್ತು. ಅವಳ ಉಮ್ಮನಿಗೆ ಆಪರೇಷನ್ ಆಗಿತ್ತು, ಬೆಳಗಿನ ಅಡುಗೆ ಮುಗಿಸಿ ಹೊರಟರೆ ಮೊದಲ ಬಸ್ ತಪ್ಪುತ್ತಿತ್ತು, ತಡವಾಗಿ ಬಂದರೆ ಗೇಟಿನಲ್ಲಿ ಬೈಗುಳ. ಎರಡು ತಿಂಗಳು ಅವಳು ಎರಡನೇ ಪೀರಿಯಡ್‌ಗೆ ಬರಲಿ ಎಂದು ಸರ್ ಒಪ್ಪಿಗೆ ಕೊಟ್ಟರು. ಮೊದಲ ಪೀರಿಯಡಿನ ನೋಟ್ಸ್ ಕೊಡುವ ಕೆಲಸ ನಮ್ಮ ಬೆಂಚಿಗೆ ಬಂತು. ಅವಳು ಈಗ ನಮ್ಮ ಜೊತೆ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಹೆಸರು ಹಾಕದೆ ಬರೆ ಎಂದು ಅವಳೇ ಹೇಳಿದಳು. ಈ ಕೆಲಸಕ್ಕೆ ಒಳ್ಳೆಯ ಮನಸ್ಸು ಬೇಕು, ನಿಜ. ಆದರೆ ಹೆಣ್ಣುಮಗಳ ಮನೆಗೆ ಹೋಗುವಾಗ ಯಾರನ್ನು ಜೊತೆಗೆ ಕರೆದೊಯ್ಯಬೇಕು, ಉಪದೇಶ ಮಾಡದೆ ಏನು ಕೇಳಬೇಕು, ನಿಯಮವನ್ನು ಎಷ್ಟು ಬಗ್ಗಿಸಬಹುದು, ಎಲ್ಲಿ ಬಗ್ಗಿಸಬಾರದು, ಇವು ಮನಸ್ಸು ಒಳ್ಳೆಯದಿದ್ದ ಮಾತ್ರಕ್ಕೆ ಬರುವುದಿಲ್ಲ. ಸರ್ ಇದನ್ನು ಕಲಿಯಲು ಹತ್ತು ವರ್ಷ ತೆಗೆದುಕೊಂಡರು. ಈಗ ಕಲಿತದ್ದನ್ನೆಲ್ಲ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಮುಂದಿನವರು ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನೋಡಿದ್ದೇನೆ. ನಾನು ಮೊದಲು ಓದಿದ ಒಂದು ಶಾಲೆಯಲ್ಲಿ (ಹೆಸರು ಬೇಡ) ಒಂಬತ್ತನೇ ತರಗತಿ ಮುಗಿದಾಗ ಮೂವರು ಹುಡುಗರ ಕೈಗೆ ಟಿ.ಸಿ. ಕೊಟ್ಟರು. ಗಣಿತದಲ್ಲಿ ಹಿಂದಿದ್ದರು ಅಷ್ಟೇ. ಮರುವರ್ಷ ಶಾಲೆಯ ಗೋಡೆಗೆ ಶೇಕಡ ನೂರು ಫಲಿತಾಂಶದ ಫ್ಲೆಕ್ಸ್ ಬಂತು. ಮುಖ್ಯೋಪಾಧ್ಯಾಯರ ಫೋಟೋ ದೊಡ್ಡದಾಗಿತ್ತು. ಆ ಮೂವರಲ್ಲಿ ಒಬ್ಬನನ್ನು ನಾನು ಈಗಲೂ ಮೊಬೈಲ್ ಅಂಗಡಿಯಲ್ಲಿ ನೋಡುತ್ತೇನೆ. ಸ್ಕ್ರೀನ್ ಗಾರ್ಡ್ ಅಂಟಿಸುತ್ತಾನೆ, ಲೆಕ್ಕ ಸರಿಯಾಗಿಯೇ ಮಾಡುತ್ತಾನೆ. ಆ ಮುಖ್ಯೋಪಾಧ್ಯಾಯರು ಕ್ರೂರಿಯಾಗಿರಲಿಲ್ಲ. ಅವರಿಗೆ ಶಾಲೆಯನ್ನು ಅಳೆಯಲು ಕೊಟ್ಟಿದ್ದ ಅಳತೆಗೋಲು ಒಂದೇ. ಹಿಂದುಳಿದ ಹುಡುಗನಿಗೆ ಮೂರು ತಿಂಗಳಲ್ಲಿ ಗಣಿತ ಕಲಿಸುವ ವ್ಯವಸ್ಥೆ ಮಾಡುವುದು ಹೇಗೆ ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ, ಟಿ.ಸಿ. ಬರೆಯುವುದು ಹೇಗೆ ಎಂದು ಗೊತ್ತಿತ್ತು.

ಮುಖ್ಯಸ್ಥರು ಬದಲಾದರೆ ಅಷ್ಟು ವ್ಯತ್ಯಾಸವಾಗುತ್ತದೆಯೇ, ಪಾಠ ಮಾಡುವುದು ಶಿಕ್ಷಕರಲ್ಲವೇ ಎಂದು ಕೇಳಬಹುದು. ಇದನ್ನು ಅಳೆದವರಿದ್ದಾರೆ. ಕೆನೆತ್ ಲೀತ್‌ವುಡ್ ಮತ್ತು ಅವರ ಜೊತೆಗಾರರು 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶಾಲೆಯೊಳಗೆ ಮಕ್ಕಳ ಕಲಿಕೆಯ ಮೇಲೆ ಪರಿಣಾಮ ಬೀರುವ ಸಂಗತಿಗಳಲ್ಲಿ ತರಗತಿಯ ಬೋಧನೆ ಬಿಟ್ಟರೆ ಮುಂದಿನ ಸ್ಥಾನ ನಾಯಕತ್ವದ್ದು. 2021ರಲ್ಲಿ ಅಮೆರಿಕದ ಮೂವರು ಸಂಶೋಧಕರು ವ್ಯಾಲೇಸ್ ಫೌಂಡೇಶನ್‌ಗಾಗಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಸಾಧಾರಣಕ್ಕಿಂತ ಕೆಳಗಿರುವ ಪ್ರಿನ್ಸಿಪಾಲರ ಜಾಗಕ್ಕೆ ಸಾಧಾರಣಕ್ಕಿಂತ ಮೇಲಿರುವವರು ಬಂದರೆ, ಒಂದು ವರ್ಷದಲ್ಲಿ ಗಣಿತದಲ್ಲೂ ಓದಿನಲ್ಲೂ ಹೆಚ್ಚುಕಡಿಮೆ ಮೂರು ತಿಂಗಳಷ್ಟು ಹೆಚ್ಚಿನ ಕಲಿಕೆ ಆಗುತ್ತದೆ ಎಂದು ಅವರ ಲೆಕ್ಕ. ಒಬ್ಬ ಒಳ್ಳೆಯ ಲೆಕ್ಚರರ್ ತನ್ನ ತರಗತಿಯನ್ನು ಎತ್ತುತ್ತಾರೆ. ಪ್ರಿನ್ಸಿಪಾಲರು ಎತ್ತಿದರೆ ಎಲ್ಲ ತರಗತಿಗಳೂ ಒಟ್ಟಿಗೆ ಏಳುತ್ತವೆ, ಕೈಬಿಟ್ಟರೆ ಎಲ್ಲವೂ ಒಟ್ಟಿಗೆ ಬೀಳುತ್ತವೆ.

ಹಾಗಾದರೆ ತರಬೇತಿ ಎಂದರೆ ಏನು? ಇಲ್ಲಿ ನಾನು ಕಾಮರ್ಸ್ ವಿದ್ಯಾರ್ಥಿನಿಯಾಗಿ ಸ್ವಲ್ಪ ಮಾತಾಡಬೇಕು. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಸ್ಟಾಫಿಂಗ್ ಅಧ್ಯಾಯದಲ್ಲಿ ತರಬೇತಿಯ ವಿಧಾನಗಳನ್ನು ಎರಡು ಗುಂಪು ಮಾಡಿದ್ದಾರೆ. ಕೆಲಸ ಮಾಡುತ್ತಲೇ ಕಲಿಯುವುದು ಒಂದು: ಅಪ್ರೆಂಟಿಸ್‌ಶಿಪ್, ಕೋಚಿಂಗ್, ಇಂಟರ್ನ್‌ಶಿಪ್, ಜಾಬ್ ರೊಟೇಶನ್. ಕೆಲಸದ ಜಾಗದಿಂದ ಹೊರಗೆ ಕಲಿಯುವುದು ಇನ್ನೊಂದು: ಉಪನ್ಯಾಸ, ಸಿನಿಮಾ, ಕೇಸ್ ಸ್ಟಡಿ, ಮಾದರಿ ಯಂತ್ರದ ಮೇಲೆ ಅಭ್ಯಾಸ ಮಾಡುವ ವೆಸ್ಟಿಬ್ಯೂಲ್ ಟ್ರೈನಿಂಗ್. (ಹಜ್ ಶಿಬಿರದಲ್ಲಿ ಕಾಬಾದ ಮಾದರಿ ಇಟ್ಟು ತವಾಫ್ ಮಾಡಿಸುವುದು ಈ ಕೊನೆಯದಕ್ಕೆ ಉದಾಹರಣೆಯಾಗುತ್ತದೆ, ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೋ ಮೇಡಂ ಅವರನ್ನು ಕೇಳಬೇಕು.) ನಮ್ಮಲ್ಲಿ ಪ್ರಾಂಶುಪಾಲರಿಗೆ ಏನಾದರೂ ಸಿಕ್ಕಿದರೆ ಅದು ಎರಡನೇ ಗುಂಪಿನದು, ಅದರಲ್ಲೂ ಮೊದಲನೆಯದು. ಒಂದು ಹಾಲ್, ಒಂದು ಪ್ರೊಜೆಕ್ಟರ್, ಸಂಪನ್ಮೂಲ ವ್ಯಕ್ತಿ, ಹನ್ನೊಂದಕ್ಕೆ ಚಹಾ ಬಿಸ್ಕತ್ತು, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ. ಪ್ರಮಾಣಪತ್ರ ಫೈಲಿಗೆ ಹೋಗುತ್ತದೆ, ಮರುದಿನ ಕಾಲೇಜು ಹಾಗೆಯೇ ನಡೆಯುತ್ತದೆ.

ದೇಶದಲ್ಲಿ ಏನೂ ಇಲ್ಲವೆಂದಲ್ಲ. ದೆಹಲಿಯ ನೀಪಾ ಸಂಸ್ಥೆಯಲ್ಲಿ ಶಾಲಾ ನಾಯಕತ್ವಕ್ಕೆಂದೇ 2012ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಶುರುವಾಯಿತು. ಆನ್‌ಲೈನ್ ಕೋರ್ಸ್ ಸಹ ಇದೆ. ನಮ್ಮ ರಾಜ್ಯದ ಧಾರವಾಡದಲ್ಲಿ ಸಿಸ್ಲೆಪ್ ಎಂಬ ಸಂಸ್ಥೆ ಇದೇ ಕೆಲಸಕ್ಕಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರ ಹಾಗೆಯೇ ಮುಖ್ಯಸ್ಥರೂ ವರ್ಷಕ್ಕೆ 50 ಗಂಟೆಯಾದರೂ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇವೆಲ್ಲ ಬಹುಮಟ್ಟಿಗೆ ಕುರ್ಚಿಯಲ್ಲಿ ಕುಳಿತ ಮೇಲಿನ ಮಾತು. ಗಂಟೆ ಎಣಿಸಿದರೆ ಸಾಕೇ ಎಂಬ ಪ್ರಶ್ನೆಯೂ ಇದೆ.

ಇದಕ್ಕೆ ಮಧ್ಯಪ್ರದೇಶದ ಅನುಭವವನ್ನು ಎಲ್ಲ ಆಡಳಿತ ಮಂಡಳಿಗಳೂ ಓದಬೇಕು. ಅಲ್ಲಿ ಸರ್ಕಾರಿ ಶಾಲೆಗಳನ್ನು ಮೌಲ್ಯಮಾಪನ ಮಾಡಿ, ಪ್ರತಿ ಶಾಲೆಗೂ ಒಂದು ಸುಧಾರಣಾ ಯೋಜನೆ ಬರೆಸಿ, ಮೇಲ್ವಿಚಾರಕರಿಂದ ಅದನ್ನು ಗಮನಿಸುವ ಕಾರ್ಯಕ್ರಮ ನಡೆಯಿತು. ಪುಸ್ತಕದಲ್ಲಿ ಹೇಳುವ ಮ್ಯಾನೇಜ್‌ಮೆಂಟ್ ಪಾಠವೆಲ್ಲ ಅದರಲ್ಲಿತ್ತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಅದನ್ನು ಪರೀಕ್ಷಿಸಿದರು. ಮೌಲ್ಯಮಾಪನ ಮುಗಿದಿತ್ತು, ಯೋಜನೆಗಳು ಬರೆದಾಗಿತ್ತು, ಕಾಗದಗಳು ಅಚ್ಚುಕಟ್ಟಾಗಿದ್ದವು. ಪಾಠ ಮಾಡುವ ರೀತಿ ಬದಲಾಗಿರಲಿಲ್ಲ, ಶಿಕ್ಷಕರ ಗೈರುಹಾಜರಿ ಕಡಿಮೆಯಾಗಿರಲಿಲ್ಲ, ಮಕ್ಕಳ ಕಲಿಕೆಯೂ ಹೆಚ್ಚಿರಲಿಲ್ಲ. ನಮ್ಮಲ್ಲಿ "ತರಬೇತಿ ಕೊಡಿ" ಎಂದು ಕೂಗಿದರೆ ಬರುವುದು ಇನ್ನೊಂದು ಕಟ್ಟು ಫಾರ್ಮ್ ಆಗಬಹುದು. ಅಂಥದ್ದಾದರೆ ಬೇಡ. ಈಗಲೇ ಪ್ರಾಂಶುಪಾಲರು ತರಗತಿಯ ಕಡೆ ಬರಲು ಪುರುಸೊತ್ತಿಲ್ಲ.

ಸಿಂಗಾಪುರದಲ್ಲಿ ಬೇರೆ ರೀತಿ ಮಾಡುತ್ತಾರೆ. 2001ರಿಂದ ಅಲ್ಲಿ ಪ್ರಿನ್ಸಿಪಾಲರಾಗಲು ಆಯ್ಕೆಯಾದವರನ್ನು, ಹೆಚ್ಚಾಗಿ ವೈಸ್ ಪ್ರಿನ್ಸಿಪಾಲರನ್ನು, ತಿಂಗಳುಗಟ್ಟಲೆ ಪೂರ್ತಿಯಾಗಿ ಕೆಲಸದಿಂದ ಬಿಡಿಸಿ ಓದಲು ಕಳಿಸುತ್ತಾರೆ, ಸಂಬಳ ನಿಲ್ಲುವುದಿಲ್ಲ. ಅವರಿಗೆ ತಮ್ಮದಲ್ಲದ ಇನ್ನೊಂದು ಶಾಲೆಯನ್ನು ಕೊಟ್ಟು, ಅಲ್ಲಿ ಹೊಸದೊಂದನ್ನು ಮಾಡಿ ತೋರಿಸಿ ಎನ್ನುತ್ತಾರೆ. ಇಂಗ್ಲೆಂಡ್‌ನಲ್ಲಿ ಮುಖ್ಯೋಪಾಧ್ಯಾಯರಾಗುವವರಿಗೆಂದೇ 1997ರಲ್ಲಿ ಒಂದು ಅರ್ಹತಾ ಕೋರ್ಸ್ ಶುರು ಮಾಡಿದರು, ಅದನ್ನು ಕಡ್ಡಾಯವೂ ಮಾಡಿದರು, 2012ರಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿದರು. ಕೋರ್ಸ್ ಈಗಲೂ ಇದೆ, ಬೇಕಾದವರು ಮಾಡುತ್ತಾರೆ. ಇವುಗಳಲ್ಲಿ ನನಗೆ ಹಿಡಿಸಿದ್ದು ಸಿಂಗಾಪುರದ ಆ ಒಂದು ಕ್ರಮ: ಮೊದಲು ಆರಿಸು, ಆಮೇಲೆ ಕಲಿಸು, ಕುರ್ಚಿ ಕೊಡುವುದು ಕೊನೆಗೆ. ನಮ್ಮಲ್ಲಿ ಕುರ್ಚಿಯೇ ಮೊದಲು.

ನಮ್ಮಂಥ ಸಂಸ್ಥೆಗಳಿಗೆ ಇದು ಸಾಧ್ಯವೇ ಎಂದರೆ, ಸರ್ಕಾರಿ ಕಾಲೇಜಿಗಿಂತ ಹೆಚ್ಚು ಸಾಧ್ಯ. ವಕೀಲರಾಗಿರುವ ನನ್ನ ಮಾಮ ಒಂದು ತೀರ್ಪಿನ ಬಗ್ಗೆ ಹೇಳಿದರು. ಕೇರಳದ ಒಂದು ಮುಸ್ಲಿಂ ಆಡಳಿತದ ಪ್ರೌಢಶಾಲೆಯಲ್ಲಿ ಸೀನಿಯರ್ ಶಿಕ್ಷಕರನ್ನು ಬಿಟ್ಟು ಬೇರೊಬ್ಬರನ್ನು ಮುಖ್ಯೋಪಾಧ್ಯಾಯರನ್ನಾಗಿ ಮಾಡಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1998ರಲ್ಲಿ ಎನ್. ಅಮ್ಮದ್ ಪ್ರಕರಣ ಎಂದು ಹೆಸರಾದ ಆ ತೀರ್ಪಿನಲ್ಲಿ, ಅರ್ಹತೆ ಇರುವವರಲ್ಲಿ ತನಗೆ ಬೇಕಾದವರನ್ನು ಮುಖ್ಯಸ್ಥರನ್ನಾಗಿ ಆರಿಸುವ ಸ್ವಾತಂತ್ರ್ಯ ಸಂವಿಧಾನದ 30ನೇ ವಿಧಿಯಡಿ ಅಲ್ಪಸಂಖ್ಯಾತ ಸಂಸ್ಥೆಗೆ ಇದೆ ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ "ಏನು ಮಾಡುವುದು, ಸೀನಿಯಾರಿಟಿ ನೋಡಬೇಕಲ್ಲ" ಎಂಬುದು ನಮ್ಮ ಮಟ್ಟಿಗೆ ಪೂರ್ತಿ ನಿಜವಲ್ಲ.

ಆದರೆ ಆ ಸ್ವಾತಂತ್ರ್ಯವನ್ನು ಯಾವುದಕ್ಕೆ ಬಳಸುತ್ತೇವೆ? ಟ್ರಸ್ಟಿಯೊಬ್ಬರ ಅಳಿಯನನ್ನು ತಂದು ಕೂರಿಸಲು ಬಳಸಿದರೆ ಸೀನಿಯಾರಿಟಿಯೇ ಎಷ್ಟೋ ವಾಸಿ. ಸೀನಿಯಾರಿಟಿಯಲ್ಲಿ ಒಂದು ಮರ್ಯಾದೆ ಇದೆ. ಇಪ್ಪತ್ತು ವರ್ಷ ಕಡಿಮೆ ಸಂಬಳಕ್ಕೆ ದುಡಿದವರನ್ನು ದಾಟಿ ಹೋಗುವುದು ಸಣ್ಣ ನೋವಲ್ಲ, ಆ ನೋವು ಸ್ಟಾಫ್ ರೂಮಿನಿಂದ ಇಳಿದು ನಮ್ಮ ತರಗತಿಗೂ ಬರುತ್ತದೆ. ನಾನು ಹೇಳುವುದು ಇಷ್ಟು: ಆಸಕ್ತಿ ಇರುವವರು ಇಬ್ಬರೋ ಮೂವರೋ ಮುಂದೆ ಬರಲಿ, ಎಲ್ಲರಿಗೂ ಕಲಿಯಲು ಅವಕಾಶ ಸಿಗಲಿ. ಕಲಿತವರಲ್ಲಿ ಇಬ್ಬರೂ ಸಮಾನರಾಗಿ ಕಂಡರೆ ಆಗ ಹಿರಿಯರಿಗೇ ಕೊಡಿ, ಯಾರ ತಕರಾರೂ ಇರುವುದಿಲ್ಲ.

ಹಿರಿಯರು ಇದಕ್ಕೆ ಕೊಡುವ ಇನ್ನೊಂದು ಉತ್ತರವೂ ಗೊತ್ತು. 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಅಲ್ ಅಮೀನ್ ಎಜುಕೇಶನಲ್ ಸೊಸೈಟಿ ಕಟ್ಟಿದಾಗ ಅವರಿಗೆ ಯಾರು ತರಬೇತಿ ಕೊಟ್ಟಿದ್ದರು? ಅವರು ವೈದ್ಯರು. ಝಾಕಿರ್ ಹುಸೇನ್ ಅವರು 1926ರಲ್ಲಿ ಜಾಮಿಯಾ ಮಿಲ್ಲಿಯಾದ ಹೊಣೆ ಹೊತ್ತಾಗ ಅವರಿಗಿನ್ನೂ 29 ವರ್ಷ. ಸರಿ. ಆದರೆ ಝಾಕಿರ್ ಹುಸೇನ್ ಬರಿಗೈಯಲ್ಲಿ ಬಂದಿರಲಿಲ್ಲ. ಜರ್ಮನಿಯಲ್ಲಿ ಓದುವಾಗ ಅಲ್ಲಿನ ಶಿಕ್ಷಣ ಚಿಂತಕ ಕೆರ್ಶೆನ್‌ಸ್ಟೈನರ್ ಅವರ ವಿಚಾರಗಳನ್ನು ಅರಗಿಸಿಕೊಂಡಿದ್ದರು. ಅಂಥವರು ಪ್ರತಿ ಊರಿಗೂ ಪ್ರತಿ ಐದು ವರ್ಷಕ್ಕೊಮ್ಮೆ ಹುಟ್ಟುತ್ತಾರೆ ಎಂದು ನಂಬಿ ಕಾಲೇಜು ನಡೆಸಲು ಆಗುವುದಿಲ್ಲ. ಕಟ್ಟುವ ಕಾಲ ಬೇರೆ, ನಡೆಸುವ ಕಾಲ ಬೇರೆ. ನಮ್ಮ ಸಮುದಾಯದಲ್ಲಿ ಕಟ್ಟಡಕ್ಕೆ ಕೊಡುವವರು ಇದ್ದಾರೆ, ಅಲ್‌ಹಮ್ದುಲಿಲ್ಲಾಹ್. ಪ್ರತಿ ಬ್ಲಾಕಿನ ಗೋಡೆಯಲ್ಲೂ ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು ಇದೆ. ಒಬ್ಬ ಉಪನ್ಯಾಸಕಿಯ ಆರು ತಿಂಗಳ ಕಲಿಕೆಗೆ ಕೊಟ್ಟರೆ ಕಲ್ಲು ಹಾಕಲು ಗೋಡೆ ಇಲ್ಲ, ಅದೇ ತೊಂದರೆ ಇರಬೇಕು.

ಉಪನ್ಯಾಸಕಿ ಎಂದು ಬೇಕೆಂದೇ ಬರೆದೆ. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಹೆಚ್ಚಿನವರು ಹುಡುಗಿಯರು, ಪಾಠ ಮಾಡುವವರಲ್ಲೂ ಮೇಡಂಗಳೇ ಜಾಸ್ತಿ. ಪ್ರಾಂಶುಪಾಲರ ಕೋಣೆಯ ಗೋಡೆಯಲ್ಲಿ ಇದುವರೆಗಿನವರ ಫೋಟೋಗಳಿವೆ. ಒಂದೂ ಮೇಡಂ ಅವರದಲ್ಲ. ಬೇಡವೆಂದು ಯಾರೂ ಹೇಳಿಲ್ಲ. ಆದರೆ ತರಬೇತಿ ಎಂದರೆ ದೂರದ ಊರಿನಲ್ಲಿ ಐದು ದಿನ ವಸತಿ ಎಂದಾದಾಗ, ಸಂಜೆ ಏಳರ ಸಭೆಯೇ ನಾಯಕತ್ವ ಎಂದಾದಾಗ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ತಾವಾಗಿಯೇ ಹಿಂದೆ ಸರಿಯುತ್ತಾರೆ. ಕಾಲೇಜಿನ ಸಮಯದಲ್ಲಿ, ಕಾಲೇಜಿನೊಳಗೇ ಕಲಿಯುವಂತಾದರೆ ಆ ಬಾಗಿಲು ತೆರೆಯುತ್ತದೆ.

2022ರ ಫೆಬ್ರವರಿಯನ್ನು ನಮ್ಮ ಕರಾವಳಿಯಲ್ಲಿ ಯಾರೂ ಮರೆತಿಲ್ಲ. ನಾನಾಗ ಎಂಟನೇ ತರಗತಿ. ಸಮವಸ್ತ್ರದ ಆದೇಶ ಸರಿಯೋ ತಪ್ಪೋ ಎಂಬುದು ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ, ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿನಲ್ಲಿ ನಿಂತಿದೆ. ಆ ಚರ್ಚೆಗೆ ಇದು ಜಾಗವಲ್ಲ. ನನಗೆ ನೆನಪಿರುವುದು ಟಿ.ವಿ.ಯಲ್ಲಿ ಕಂಡ ಗೇಟು. ಒಂದು ಕಡೆ ಹದಿನೇಳು ವರ್ಷದ ಹುಡುಗಿಯರು, ಇನ್ನೊಂದು ಕಡೆ ಅವರ ಪ್ರಾಂಶುಪಾಲರು, ನಡುವೆ ಕಬ್ಬಿಣದ ಸರಳು, ಸುತ್ತ ಕ್ಯಾಮರಾ. ನಿನ್ನೆಯವರೆಗೆ ತಾನು ಪಾಠ ಹೇಳಿದ ಮಕ್ಕಳ ಜೊತೆ ಆ ಹೊತ್ತಿನಲ್ಲಿ ಎಲ್ಲಿ ನಿಂತು ಮಾತಾಡಬೇಕು, ಒಳಗೆ ಕರೆದು ಕೂರಿಸಿ ಮಾತಾಡುವುದೋ, ಗೇಟಿನಲ್ಲೋ, ಪೋಷಕರನ್ನು ಯಾವಾಗ ಕರೆಯಬೇಕು, ಕ್ಯಾಮರಾದವರಿಗೆ ಏನು ಹೇಳಬೇಕು, ಪರೀಕ್ಷೆ ತಪ್ಪಿಸಿಕೊಳ್ಳುವವರನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಆ ಪ್ರಾಂಶುಪಾಲರಿಗೆ ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೇ? ಆದೇಶ ಬರೆಯುವವರು ಬೆಂಗಳೂರಿನಲ್ಲಿರುತ್ತಾರೆ. ಗೇಟಿನಲ್ಲಿ ನಿಲ್ಲುವವರು ಪ್ರಾಂಶುಪಾಲರು.

ಈಗ ನಮ್ಮ ವಿಷಯಕ್ಕೆ. ಮೇ ತಿಂಗಳಿಗೆ ಇನ್ನೂ ಐದು ತಿಂಗಳಿದೆ. ಸಿಂಗಾಪುರಕ್ಕೆ ಯಾರನ್ನೂ ಕಳಿಸುವುದು ಬೇಡ. ಆಡಳಿತ ಮಂಡಳಿಯವರು ಜನವರಿಯಲ್ಲೇ ಇಬ್ಬರನ್ನು ಗುರುತಿಸಲಿ, ಅವರ ಪಾಠದ ಪೀರಿಯಡ್‌ಗಳನ್ನು ಅರ್ಧ ಮಾಡಿ ಆ ಪಾಠಗಳಿಗೆ ಅತಿಥಿ ಉಪನ್ಯಾಸಕರನ್ನು ತರಲಿ. ಇದರ ಖರ್ಚು ನಮ್ಮ ವಾರ್ಷಿಕೋತ್ಸವದ ಶಾಮಿಯಾನ ಮತ್ತು ಸೌಂಡ್ ಸಿಸ್ಟಂನಷ್ಟೂ ಆಗಲಿಕ್ಕಿಲ್ಲ. ಆ ಇಬ್ಬರು ಪ್ರಾಂಶುಪಾಲರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಲಿ. ಪೂರ್ವಸಿದ್ಧತಾ ಪರೀಕ್ಷೆ, ಹಾಲ್ ಟಿಕೆಟ್, ಪ್ರಾಕ್ಟಿಕಲ್, ಅಡ್ಮಿಷನ್, ಹೊಸ ಟೈಂಟೇಬಲ್, ಎಲ್ಲವೂ ಈ ಐದು ತಿಂಗಳೊಳಗೇ ಬರುತ್ತವೆ. ಇದಕ್ಕಿಂತ ಒಳ್ಳೆಯ ಎಲ್‌ಎಲ್‌ಆರ್ ಅವಧಿ ಇಲ್ಲ. ಸ್ಕಾಲರ್‌ಶಿಪ್ ಪೋರ್ಟಲ್ ಅವರೇ ಒಂದು ಸಲ ತೆರೆದು ನೋಡಲಿ, ಕ್ಲರ್ಕ್ ರಜೆ ಹಾಕಿದ ದಿನ ಗೊತ್ತಾಗುತ್ತದೆ. ಎರಡು ವಾರ ಬೇರೆ ಕಾಲೇಜಿಗೆ ಹೋಗಿ ಬರಲಿ. ಅದು ನಮ್ಮವರದೇ ಆಗಬೇಕೆಂದಿಲ್ಲ. ಸಾವಿರ ಮಕ್ಕಳಿರುವ ಸರ್ಕಾರಿ ಪಿಯು ಕಾಲೇಜನ್ನು ನಾಲ್ಕು ಜನ ಸಿಬ್ಬಂದಿಯಲ್ಲಿ ನಡೆಸುವವರ ಹತ್ತಿರ ಕಲಿಯುವುದು ಬಹಳ ಇರುತ್ತದೆ; ಕ್ರೈಸ್ತ ಸಂಸ್ಥೆಗಳಲ್ಲಿ ಹಳೇ ವಿದ್ಯಾರ್ಥಿಗಳ ಸಂಘವನ್ನು ಬೆಳೆಸುವ ರೀತಿಯನ್ನೂ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆ ಎರಡು ದಿನವಾದರೂ ಬೇರೆಯವರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲಿ. ಪಾಠ ಮಾಡುವವರನ್ನು ನೋಡಲು ಅಲ್ಲ, ಪಾಠ ಕೇಳುವವರನ್ನು ನೋಡಲು. ನಮ್ಮಲ್ಲಿ ಪ್ರಾಂಶುಪಾಲರು ತರಗತಿಗೆ ಬಂದರೆ ಇನ್‌ಸ್ಪೆಕ್ಷನ್ ಎಂದು ಲೆಕ್ಕ. ಅಂದು ಎಲ್ಲರೂ ಇಸ್ತ್ರಿ ಹಾಕಿದ ಪಾಠ ಮಾಡುತ್ತಾರೆ, ನಾವೂ ಇಸ್ತ್ರಿ ಹಾಕಿದ ಉತ್ತರ ಕೊಡುತ್ತೇವೆ. ವಾರವಾರ ಬರುವವರಿಗೆ ಯಾರೂ ಇಸ್ತ್ರಿ ಹಾಕಿಕೊಂಡು ಕೂರುವುದಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ "ಮೂರನೇ ಬೆಂಚಿನವರು ಹತ್ತು ನಿಮಿಷದಿಂದ ಬರೆಯುವುದನ್ನು ಬಿಟ್ಟಿದ್ದರು ಮೇಡಂ, ಯಾಕಿರಬಹುದು?" ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಲಿ. ನಮ್ಮ ಸರ್‌ಗೆ ಬಹಳ ವರ್ಷ ಬಾರದೇ ಇದ್ದದ್ದು ಈ ಒಂದು ಪ್ರಶ್ನೆ.

ಸರ್ ನಿವೃತ್ತರಾದ ಮೇಲೂ ಅವರನ್ನು ಸಲಹೆಗಾರರಾಗಿ ಇಟ್ಟುಕೊಳ್ಳಬೇಕು ಎಂದು ಕೆಲವರು ಹೇಳುತ್ತಿದ್ದಾರೆ. ಅವರ ಮೇಲೆ ನಮಗೆಲ್ಲ ಎಷ್ಟು ಪ್ರೀತಿ ಇದ್ದರೂ ನನಗೆ ಇದು ಸರಿ ಕಾಣುವುದಿಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ. ಹೊಸಬರು ಕರೆದಾಗ ಬಂದು ಹೇಳಿಕೊಡಲಿ, ಅದೂ ಮೊದಲ ವರ್ಷ ಮಾತ್ರ. ಅವರಿಂದ ಪಡೆಯಬೇಕಾದದ್ದನ್ನು ಅವರು ಇರುವಾಗಲೇ, ಈ ಐದು ತಿಂಗಳಲ್ಲಿ ಪಡೆಯಬೇಕು.

ಇನ್ನೊಂದು ಕೋರಿಕೆ ನಮ್ಮ ಕಡೆಯಿಂದ. ಆ ಇಬ್ಬರ ಬಗ್ಗೆ ತೀರ್ಮಾನ ಮಾಡುವ ಮೊದಲು ಪ್ರತಿ ತರಗತಿಯಿಂದ ಇಬ್ಬರು ವಿದ್ಯಾರ್ಥಿಗಳನ್ನು ಕರೆದು ಮಾತಾಡಿಸಿ. ಯಾರು ಬೇಕು ಎಂದು ನಮ್ಮನ್ನು ಕೇಳಬೇಡಿ. ನಾವು ಕಡಿಮೆ ಹೋಂವರ್ಕ್ ಕೊಡುವವರ ಹೆಸರು ಹೇಳಿಬಿಡುತ್ತೇವೆ. ಈ ಐದು ತಿಂಗಳಲ್ಲಿ ಅವರು ನಿಮ್ಮ ತರಗತಿಗೆ ಎಷ್ಟು ಸಲ ಬಂದರು, ನಿಮ್ಮ ಹೆಸರು ಅವರಿಗೆ ಗೊತ್ತಾ, ಬಾರದೇ ಹೋದವರನ್ನು ಕೇಳಿದರಾ ಎಂದು ಕೇಳಿ. ಆಡಳಿತ ಮಂಡಳಿಯ ಸಭೆ ಜನವರಿಯ ಎರಡನೇ ವಾರ ಇದೆ ಎಂದು ಆಫೀಸಿನಲ್ಲಿ ಹೇಳಿದರು. ಈ ಸಂಚಿಕೆ ಅದಕ್ಕೂ ಮೊದಲು ಅಚ್ಚಾಗುತ್ತದೆ. ಒಂದು ಪ್ರತಿಯನ್ನು ಸಭೆಯ ಮೇಜಿನ ಮೇಲೆ ಇಡುವುದಾಗಿ ಸಂಪಾದಕ ಮಂಡಳಿಯವರು ಒಪ್ಪಿದ್ದಾರೆ.